ಸೀಮೆಸುಣ್ಣದ ಮೂರು ಸಾಲು

ಜಮಖಂಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಉತಾರ, ಆಧಾರ್, ಜಾತಿ ಪ್ರಮಾಣಪತ್ರ, ಕೋರ್ಟಿನ ಕಾಗದ ಎಂದು ದಿನವಿಡೀ ಯಂತ್ರದ ಬೆಳಕು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿರುತ್ತದೆ. ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಶಾಲೆಯೊಂದು ಹಳೆಯ ಸಾಮಾನುಗಳನ್ನು ಹರಾಜಿಗೆ ಹಾಕಿದಾಗ ತಂದದ್ದು. ಮೊದಲು ಅದರ ಮೇಲೆ ದರಪಟ್ಟಿ ಮಾತ್ರ ಇರುತ್ತಿತ್ತು: ಜೆರಾಕ್ಸ್ ಇಷ್ಟು, ಲ್ಯಾಮಿನೇಷನ್ ಇಷ್ಟು, ಕನ್ನಡ ಟೈಪಿಂಗ್ ಪುಟಕ್ಕೆ ಇಷ್ಟು. ಈಗ ದರಪಟ್ಟಿ ಗೋಡೆಗೆ ಹೋಗಿದೆ, ಹಲಗೆಯನ್ನು ಸಿನಿಮಾ ನುಂಗಿದೆ.

ಶುರುವಾದದ್ದು 2012ರ ನವೆಂಬರ್‌ನಲ್ಲಿ. ಸಂಗೊಳ್ಳಿ ರಾಯಣ್ಣನ ಚಿತ್ರ ರಾಜ್ಯೋತ್ಸವದ ದಿನವೇ ತೆರೆಗೆ ಬಂದಿತ್ತು. ಹಳ್ಳಿಗಳಿಂದ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಜನ ಬಂದರು. ಬಸ್ ನಿಲ್ದಾಣದಿಂದ ಟಾಕೀಸಿಗೆ ಹೋಗುವವರು ನನ್ನ ಅಂಗಡಿಯ ಮುಂದೆಯೇ ಹಾಯಬೇಕು. ಸಿನಿಮಾ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ರಾಯಣ್ಣನ ಬಗ್ಗೆ ಹಾಗೆ ಕೇಳುವುದುಂಟೇ? ಅವರು ಕೇಳಿದ್ದು, "ಎಷ್ಟಕ್ಕೆ ಬಿಡುತ್ತದೆ?" ಎಂದು. ಹತ್ತು ಜನರಿಗೆ ಬಾಯಿಂದ ಹೇಳಿ ಸಾಕಾಗಿ, ದರಪಟ್ಟಿಯ ಕೆಳಗೆ ಸೀಮೆಸುಣ್ಣದಲ್ಲಿ ಬರೆದೆ: "ರಾಯಣ್ಣ. ಉದ್ದದ ಸಿನಿಮಾ, ಊಟ ಮಾಡಿ ಹೋಗಿ. ಕೊನೆಯ ಬಸ್ ಎಷ್ಟಕ್ಕೆ ಎಂದು ಕೇಳಿಕೊಂಡು ಒಳಗೆ ಹೋಗಿ. ಹಿರಿಯರಿಗೆ ಕರವಸ್ತ್ರ ಇರಲಿ." ಅದೇ ನನ್ನ ಮೊದಲ ವಿಮರ್ಶೆ. ಆಗ ಹೆಸರಿನ ಹಿಂದೆ "ಸಿನಿಮಾ" ಎಂಬ ಪದವನ್ನು ಬರೆಯುತ್ತಿರಲಿಲ್ಲ. ಅದು ಬಂದದ್ದು ಆಮೇಲೆ.

ಮುಂದಿನ ವಾರ ಒಬ್ಬರು ಬಂದು, "ಈ ವಾರದ್ದು ಏಕೆ ಬರೆದಿಲ್ಲ?" ಎಂದು ಕೇಳಿದರು. ಕೇಳುವವರು ಇದ್ದಾರೆ ಎಂದ ಮೇಲೆ ಬಿಡುವುದು ಹೇಗೆ?

ಮೊದಲ ಒಂದೆರಡು ವರ್ಷ ಪತ್ರಿಕೆಗಳನ್ನು ನೋಡಿ ಐದು ನಕ್ಷತ್ರ ಹಾಕುತ್ತಿದ್ದೆ. ಒಂದು ಚಿತ್ರಕ್ಕೆ ಎರಡು ನಕ್ಷತ್ರ ಹಾಕಿ, ಹೋಗದಿದ್ದರೂ ನಡೆಯುತ್ತದೆ ಎಂದು ಬರೆದಿದ್ದೆ. ಕಬ್ಬಿನ ಬಿಲ್ಲಿನ ಪ್ರತಿ ಮಾಡಿಸಲು ಬಂದ ಗೌಡರೊಬ್ಬರು ಹಲಗೆಯನ್ನು ಬಹಳ ಹೊತ್ತು ನೋಡಿದರು. "ಐದಕ್ಕೆ ಎರಡು ಎಂದರೆ ನೂರಕ್ಕೆ ನಲವತ್ತು. ಮೂವತ್ತೈದಕ್ಕೆ ಪಾಸು. ಪಾಸಾದ ಹುಡುಗನನ್ನು ಏಕೆ ಬೈಯುತ್ತೀರಿ?" ಎಂದರು. ಉತ್ತರ ಹೊಳೆಯಲಿಲ್ಲ. ಅಂದೇ ನಕ್ಷತ್ರಗಳನ್ನು ಅಳಿಸಿದೆ.

ಆಮೇಲೆ ಕೆಲವು ಪದಗಳನ್ನೂ ಹಲಗೆಯಿಂದ ಹೊರಗಿಟ್ಟೆ. "ಅದ್ಭುತ" ಬೇಡ, ಏಕೆಂದರೆ ಭಿತ್ತಿಪತ್ರದ ಮೇಲೆ ಅದು ಮೊದಲೇ ಇರುತ್ತದೆ. "ಬೋರು" ಬೇಡ. ಯಾರಿಗೆ ಬೋರು? ಎಲ್ಲಕ್ಕಿಂತ ದಂಡದ ಮಾತು "ಒಮ್ಮೆ ನೋಡಬಹುದು". ಸಿನಿಮಾವನ್ನು ಎಲ್ಲರೂ ಒಮ್ಮೆಯೇ ನೋಡುವುದು. ಹೇಳಲು ಏನೂ ಇಲ್ಲದಿದ್ದಾಗ, ಹೇಳಿದ ಹಾಗೂ ಆಗಬೇಕು, ಯಾರಿಗೂ ಬೇಸರವೂ ಆಗಬಾರದು ಎಂಬಾಗ ಬಾಯಿಗೆ ಬರುವ ಮಾತು ಅದು. ಮದುವೆಗೆ ಹೆಣ್ಣು ನೋಡಿ ಬಂದವರು "ಮನೆತನ ಒಳ್ಳೆಯದು" ಎನ್ನುತ್ತಾರಲ್ಲ, ಹಾಗೆ.

ಮೊದಲ ದಿನದ ಮೊದಲ ಆಟಕ್ಕೆ ನಾನು ಹೋಗುವುದಿಲ್ಲ. ಅಂದು ನಾಯಕ ಚಪ್ಪಲಿ ಮೆಟ್ಟಿದರೂ ಸೀಟಿ ಬೀಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಶನಿವಾರ ಮ್ಯಾಟಿನಿಗೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೋಗುತ್ತೇನೆ. ಕೂರುವುದು ಕೊನೆಯ ಸಾಲಿನಲ್ಲಿ, ಪರದೆಯಷ್ಟೇ ಮುಂದಿನ ತಲೆಗಳೂ ಕಾಣಬೇಕು. ಎಲ್ಲಿ ಮೊಬೈಲುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆಯೋ ಅಲ್ಲಿ ಕಥೆ ಸಡಿಲವಾಗಿದೆ ಎಂದು ಅರ್ಥ. ಕಿಸೆಯಲ್ಲಿ ಕೆಟ್ಟ ಜೆರಾಕ್ಸ್ ಹಾಳೆಯೊಂದು ನಾಲ್ಕು ಮಡಿಕೆಯಾಗಿ ಇರುತ್ತದೆ. ಅದರ ಹಿಂಬದಿಗೆ ಕತ್ತಲಲ್ಲೇ ಗೀಚುತ್ತೇನೆ. ಮನೆಗೆ ಬಂದು ನೋಡಿದರೆ ಅಕ್ಷರದ ಮೇಲೆ ಅಕ್ಷರ ಹತ್ತಿ ಕುಳಿತಿರುತ್ತದೆ, ನಡುವೆ ಯಾರದೋ ಹೊಲದ ಸರ್ವೆ ನಂಬರ್ ಇಣುಕುತ್ತಿರುತ್ತದೆ. ಆ ಗೀಚನ್ನು ಮೂರು ಸಾಲಿಗೆ ಇಳಿಸುವುದೇ ಭಾನುವಾರ ಬೆಳಗಿನ ಕೆಲಸ. ಒಂದು ಸಾಲು ಸಿನಿಮಾ ಯಾವುದರ ಬಗ್ಗೆ ಎಂದು, ಒಂದು ಸಾಲು ನನಗೆ ಹಿಡಿಸಿದ್ದು ಅಥವಾ ಚುಚ್ಚಿದ್ದು, ಒಂದು ಸಾಲು ಯಾರು ಹೋಗಬೇಕು, ಯಾರಿಗೆ ಬೇಡ ಎಂದು.

ಈ ಮೂರನೆಯ ಸಾಲನ್ನು ಕಲಿಯಲು ವರ್ಷಗಳೇ ಹಿಡಿದವು. ಈಗ ಯಾರಾದರೂ, "ಒಂದು ಒಳ್ಳೆಯ ಸಿನಿಮಾ ಹೇಳಿ ಅಣ್ಣಾ" ಎಂದರೆ ನಾನು ತಿರುಗಿ ಕೇಳುವುದು, "ಯಾರ ಜೊತೆ ನೋಡುತ್ತೀರಿ?" ಎಂದು. ಮೊದಲು ಸಿನಿಮಾದ ಸೆನ್ಸಾರ್ ಪ್ರಮಾಣಪತ್ರದಲ್ಲಿ ಯು/ಎ ಎಂದಷ್ಟೇ ಇರುತ್ತಿತ್ತು, ಅದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. 2024ರ ನಿಯಮಗಳ ನಂತರ ಅದನ್ನು 7, 13, 16 ಎಂದು ವಯಸ್ಸಿನ ಪ್ರಕಾರ ಒಡೆದಿದ್ದಾರೆ, ಒಳ್ಳೆಯದೇ ಆಯಿತು. ಆದರೆ ಅತ್ತೆಯ ಪಕ್ಕ ಕುಳಿತು ನೋಡಬಹುದೇ ಎಂಬುದಕ್ಕೆ ಇನ್ನೂ ಪ್ರಮಾಣಪತ್ರ ಬಂದಿಲ್ಲ. ಅದನ್ನು ನಾನೇ ಕೊಡಬೇಕು.

2016ರಲ್ಲಿ ಮರಾಠಿಯ "ಸೈರಾಟ್" ಬಂತು. ನಾಗರಾಜ ಮಂಜುಳೆ ಅದನ್ನು ತೆಗೆದದ್ದು ನಮ್ಮ ವಿಜಯಪುರಕ್ಕೆ ಅಂಟಿಕೊಂಡಿರುವ ಸೋಲಾಪುರ ಜಿಲ್ಲೆಯ ಕರಮಾಳಾ ಕಡೆ. ಆ ಕಬ್ಬು, ಆ ಬಾವಿ, ಆ ಬಿಸಿಲು ನಮಗೆ ಪರಕೀಯವಲ್ಲ, ಮರಾಠಿಯೂ ಅಲ್ಲ. ಹಾಡುಗಳು ಚಿತ್ರಕ್ಕಿಂತ ಮೊದಲೇ ಇಲ್ಲಿನ ಮದುವೆಯ ವರಾತಗಳಲ್ಲಿ ಬಾರಿಸಿ ಹಳತಾಗಿದ್ದವು. ಕುಣಿಯುವ ಉಮೇದಿನಲ್ಲಿ ಸಂಸಾರ ಸಮೇತ ಹೊರಟವರನ್ನು ಕಂಡು ನನಗೆ ಸಂಕಟ. ಕೊನೆಯನ್ನು ಹೇಳುವಂತಿಲ್ಲ, ಹೇಳದೆ ಕಳಿಸುವಂತೆಯೂ ಇಲ್ಲ. ಅರ್ಧ ತಾಸು ಯೋಚಿಸಿ ಬರೆದೆ: "ಹಾಡಿಗೆಂದು ಹೋಗುವವರು ಕೊನೆಯವರೆಗೂ ಕೂರಿ. ಸಣ್ಣ ಮಕ್ಕಳನ್ನು ಮನೆಯಲ್ಲಿ ಬಿಡಿ. ಹೊರಗೆ ಬಂದ ಮೇಲೆ ಯಾರೂ ಯಾರನ್ನೂ ಮಾತನಾಡಿಸಬೇಡಿ." ಸೋಮವಾರ ಒಬ್ಬ ಹೆಣ್ಣುಮಗಳು ಬಂದು ಸುಮ್ಮನೆ ಹಲಗೆಯನ್ನು ಮುಟ್ಟಿ ಹೋದಳು. ನನ್ನ ಪ್ರಕಾರ ನಾನು ಬರೆದ ಅತ್ಯುತ್ತಮ ಮೂರು ಸಾಲುಗಳು ಅವೇ. ಮರುವರ್ಷ ಅದೇ ಕಥೆ ಕನ್ನಡದಲ್ಲಿ, ಅದೇ ನಾಯಕಿಯನ್ನು ಇಟ್ಟುಕೊಂಡು ಬಂದಾಗ ಒಂದೇ ಸಾಲು ಬರೆದೆ: "ಮೊದಲಿನದನ್ನು ನೋಡಿದವರು ಇದಕ್ಕೆ ಹೋಗಬೇಡಿ, ನೋಡದವರು ಮೊದಲಿನದಕ್ಕೆ ಹೋಗಿ."

ಕಬ್ಬಿನ ಹಂಗಾಮಿನಲ್ಲಿ ಬೇರೊಂದು ಬಗೆಯ ಗಿರಾಕಿಗಳು ಬರುತ್ತಾರೆ. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ರಾತ್ರಿಯಿಡೀ ಸರದಿಯಲ್ಲಿ ಕಾಯುವ ಟ್ರ್ಯಾಕ್ಟರ್ ಚಾಲಕರು. ಮೊಬೈಲಿನಲ್ಲಿ ನೋಡಲು ಸಿನಿಮಾ ಬೇಕು, ಆದರೆ ಮುಂದಿನ ಗಾಡಿ ಹತ್ತು ಮಾರು ಸರಿದಾಗಲೆಲ್ಲ ನಿಲ್ಲಿಸಬೇಕು. ಇಂತಹವರಿಗೆ ಪತ್ತೇದಾರಿ ಕಥೆ ಹೇಳಿದರೆ ಕೊಲೆ ಮಾಡಿದವನು ಯಾರು ಎಂದು ತಿಳಿಯುವಷ್ಟರಲ್ಲಿ ಸತ್ತವನು ಯಾರು ಎಂಬುದೇ ಮರೆತಿರುತ್ತದೆ. ಒಬ್ಬ ಚಾಲಕನಿಗೆ ರಾಮ್ ರೆಡ್ಡಿಯವರ "ತಿಥಿ" ಹೇಳಿದೆ. ಮಂಡ್ಯ ಸೀಮೆಯ ಊರು, ನೂರು ದಾಟಿದ ಅಜ್ಜ ಸತ್ತ ಮೇಲಿನ ಹನ್ನೊಂದು ದಿನಗಳು, ಎಲ್ಲಿ ನಿಲ್ಲಿಸಿದರೂ ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳಬಹುದು. ನಟಿಸಿದವರೆಲ್ಲ ಹಳ್ಳಿಯ ಜನರೇ, ವೃತ್ತಿಯ ನಟರಲ್ಲ ಎಂದೂ ಹೇಳಿ ಕಳಿಸಿದೆ. ಮೂರು ದಿನ ಬಿಟ್ಟು ಬಂದ. "ಅವರು ನಟರಲ್ಲ ಎಂದಿರಿ. ಹಾಗಾದರೆ ನಾವು ದುಡ್ಡು ಕೊಟ್ಟು ಇಷ್ಟು ದಿನ ಯಾರನ್ನು ನೋಡುತ್ತಿದ್ದೆವು?" ಎಂದ. ಇನ್ನೊಂದು ಮಾತೂ ಹೇಳಿದ: "ಅವರ ಕನ್ನಡ ನನಗೆ ಪೂರ್ತಿ ತಿಳಿಯಿತು. ನಮ್ಮ ಕನ್ನಡದಲ್ಲಿ ಇಂಥದ್ದು ಇಲ್ಲವೇ?" ನಾನು "ನಾಗಮಂಡಲ" ಹೇಳಿದೆ, 1997ರದ್ದು. ಅದರ ನಂತರ ತಟ್ಟನೆ ಹೆಸರು ಹೊಳೆಯದೆ ತಲೆ ಕೆರೆದುಕೊಂಡೆ. ನಮ್ಮ ಭಾಷೆ ಸಿನಿಮಾಕ್ಕೆ ಬರುವುದು ಬಹುಪಾಲು ಹಾಸ್ಯನಟನ ಬಾಯಿಂದ, ಅದೂ ಅವನು ಬೈಸಿಕೊಳ್ಳುವ ಹೊತ್ತಿಗೆ.

ಹಲಗೆಯ ಬಲ ಮೂಲೆಯಲ್ಲಿ "ಹಳೆಯದು" ಎಂಬ ಸಣ್ಣ ಚೌಕವಿದೆ. ಅದು ನಿವೃತ್ತ ಮಾಸ್ತರರೊಬ್ಬರ ಕಾಣಿಕೆ. ಪಿಂಚಣಿಯ ಕಾಗದಕ್ಕೆ ಬಂದವರು ನನ್ನ ಬರಹವನ್ನು ಓದಿ, "ಎಲ್ಲ ಸರಿ ತಮ್ಮಾ, ಬೀಳಗಿಯ ಅಮೀರಬಾಯಿ ಕರ್ನಾಟಕಿಯ ಹಾಡು ಕೇಳಿದ್ದೀಯಾ?" ಎಂದರು. ಕೇಳಿರಲಿಲ್ಲ. ನಮ್ಮದೇ ಜಿಲ್ಲೆಯ ಹೆಣ್ಣುಮಗಳು ಮುಂಬಯಿಗೆ ಹೋಗಿ, 1943ರ "ಕಿಸ್ಮತ್" ಚಿತ್ರಕ್ಕೆ ಹಾಡಿದ್ದಳು. ಆ ಚಿತ್ರ ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಓಡಿತ್ತು. ಇದನ್ನು ಹೇಳಿ ಅವರು ಕೈಯಲ್ಲಿದ್ದ ಚಿಲ್ಲರೆಯನ್ನು ಎಣಿಸಿ ಮೇಜಿನ ಮೇಲಿಟ್ಟು ಹೋದರು. ಅಂದು ರಾತ್ರಿ ಅಂಗಡಿ ಮುಚ್ಚಿ ಮೊಬೈಲಿನಲ್ಲಿ ಆ ಹಾಡುಗಳನ್ನು ಹುಡುಕಿ ಕೇಳಿದೆ. ಊರಿಗೆಲ್ಲ ಸಿನಿಮಾ ಹೇಳುವವನಿಗೆ ಬೀಳಗಿ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು.

ತಕರಾರು ಇಲ್ಲದೆ ಇಲ್ಲ. ಒಬ್ಬ ನಟನ ಅಭಿಮಾನಿಗಳು ಒಂದು ರಾತ್ರಿ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೋದರು. ಬಹಳ ಚೆನ್ನಾಗಿ ಒರೆಸಿದ್ದರು, ನಾನು ಕೂಡ ಅಷ್ಟು ಚೆನ್ನಾಗಿ ಒರೆಸಿರಲಿಲ್ಲ. ಅದೇ ಮೂರು ಸಾಲುಗಳನ್ನು ಮತ್ತೆ ಬರೆದೆ, ಅಷ್ಟೇ.

ಸಿನಿಮಾ ಊರಿಗೆ ಬರುವ ಮೊದಲೇ ಬರೆದದ್ದು ಒಂದೆರಡು ಸಲ ಮಾತ್ರ. 2025ರ ಜುಲೈ ಕೊನೆಯಲ್ಲಿ ಮಗಳ ಕಾಲೇಜಿನ ಕೆಲಸಕ್ಕೆ ಬೆಳಗಾವಿಗೆ ಹೋದವನು "ಸು ಫ್ರಮ್ ಸೋ" ನೋಡಿ ಬಂದೆ. ದೊಡ್ಡ ನಾಯಕನಿಲ್ಲ, ಕರಾವಳಿಯ ಒಂದು ಊರು, ಒಂದು ದೆವ್ವದ ಗುಲ್ಲು. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಆ ಚಿತ್ರದ ಆಟಗಳು ದಿನದಿಂದ ದಿನಕ್ಕೆ ಹೆಚ್ಚಿದವು. ನಾನು ಹಲಗೆಯ ಮೇಲೆ ಮಾಡುವುದೂ ಅದನ್ನೇ ಆದ್ದರಿಂದ ನನಗೆ ವಿಚಿತ್ರವಾದ ಹೆಮ್ಮೆ, ಚಿತ್ರವನ್ನು ನಾನೇ ತೆಗೆದಂತೆ.

ಕೊನೆಯನ್ನು ಹೇಳಬಾರದು ಎಂಬುದು ನನ್ನ ಅಂಗಡಿಯ ಕಟ್ಟಳೆ. 2014ರಲ್ಲಿ ಕನ್ನಡದ "ದೃಶ್ಯ" ಓಡುತ್ತಿದ್ದಾಗ ಪಕ್ಕದ ಔಷಧ ಅಂಗಡಿಯವರು ನನ್ನ ಮೇಜಿಗೆ ಆತುಕೊಂಡು ಹೆಣ ಎಲ್ಲಿದೆ ಎಂದು ಹೇಳಿಬಿಟ್ಟರು. ಸಾಲಿನಲ್ಲಿ ಐದು ಜನ ನಿಂತಿದ್ದರು. "ಐದೂ ಜನರ ಟಿಕೆಟಿನ ದುಡ್ಡು ಇಲ್ಲಿಡಿ" ಎಂದು ನಾನು ಪಟ್ಟು ಹಿಡಿದೆ. ಕೊನೆಗೆ ಐದು ಚಹಾದಲ್ಲಿ ಮುಗಿಯಿತು. ಅಂದಿನಿಂದ ನನ್ನ ಅಂಗಡಿಯಲ್ಲಿ ಯಾರೂ ಕೊನೆ ಹೇಳಿದ್ದಿಲ್ಲ. ಒಂದು ಸಲ ಬಿಟ್ಟು. ಅದನ್ನು ಹೇಳಿದವನು ನಾನೇ.

ನನ್ನಲ್ಲಿ ಕನ್ನಡ ಟೈಪಿಂಗ್ ಕೂಡ ಇದೆ ಎಂದೆನಲ್ಲ. ಒಂದು ದಿನ ನೇಕಾರರ ಓಣಿಯ ಒಬ್ಬ ಯುವಕ ತಂದೆಯ ಫೋಟೊ ಹಿಡಿದು ಬಂದ. ವಯಸ್ಸಾದವರು, ಮರೆವು ಹೆಚ್ಚಾಗಿತ್ತು, ಬೆಳಿಗ್ಗೆ ಹಾಲಿಗೆಂದು ಹೋದವರು ಬಂದಿರಲಿಲ್ಲ. "ಕಾಣೆಯಾಗಿದ್ದಾರೆ" ಎಂಬ ಕಾಗದವನ್ನು ನಾನೇ ಟೈಪು ಮಾಡಿದೆ. ಬಣ್ಣ? ಗೋಧಿ ಬಣ್ಣ. ಮೈಕಟ್ಟು? ಸಾಧಾರಣ. ಉಟ್ಟದ್ದು ಬಿಳಿ ಧೋತರ, ತಲೆಗೆ ಟೋಪಿ. ಮುನ್ನೂರು ಪ್ರತಿ ತೆಗೆದುಕೊಟ್ಟೆ, ಅವನು ಮಿರಜ ನಿಲ್ದಾಣದವರೆಗೂ ಅಂಟಿಸಿ ಬಂದ. ಅಂದು ಹಲಗೆಯ ಮೇಲೂ ಸಿನಿಮಾ ಒರೆಸಿ ಅದನ್ನೇ ಬರೆದೆ. ಎಂಟು ದಿನ ಹಾಗೆಯೇ ಇತ್ತು.

ಸುಮಾರು ಒಂದು ವರ್ಷದ ಮೇಲೆ, ಭಾನುವಾರ ಟಿ.ವಿ.ಯಲ್ಲಿ ಒಂದು ಒಳ್ಳೆಯ ಸಿನಿಮಾ ಹಾಕುತ್ತಾರೆ ಎಂದು ತಿಳಿದು ಹಲಗೆಯ ತುಂಬ ದೊಡ್ಡ ಅಕ್ಷರಗಳಲ್ಲಿ ಅದರ ಹೆಸರನ್ನು ಬರೆಯುತ್ತಿದ್ದೆ. 2016ರ ಚಿತ್ರ, ಹೇಮಂತ್ ರಾವ್ ಅವರ ಮೊದಲ ನಿರ್ದೇಶನ, ಮರೆವಿನ ಕಾಯಿಲೆಯ ತಂದೆಯಾಗಿ ಅನಂತ್ ನಾಗ್. ಹೆಸರು "ಗೋಧಿ ಬಣ್ಣ ಸಾಧಾರಣ ಮೈಕಟ್ಟು". ಮೊದಲ ಸಾಲು ಮುಗಿದಿತ್ತಷ್ಟೇ, ಹಿಂದಿನಿಂದ ಸೈಕಲ್ ಬಿದ್ದ ಸದ್ದಾಯಿತು. ತಿರುಗಿದರೆ ಅದೇ ಯುವಕ, ಏದುಸಿರು ಬಿಡುತ್ತಿದ್ದ.

"ಸುದ್ದಿ ಬಂತೇ ಅಣ್ಣಾ?"

ಬಾಯಿಗೆ ಮಾತು ಬರಲಿಲ್ಲ. ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆಯೇ ಇತ್ತು. ಕೊನೆಗೆ, "ಸಿನಿಮಾ ತಮ್ಮಾ. ಸಿನಿಮಾದ ಹೆಸರು" ಎಂದೆ. ಅವನು ಹಲಗೆಯನ್ನು ನೋಡಿದ, ನನ್ನನ್ನು ನೋಡಿದ. ಸೈಕಲ್ ಎತ್ತಿ ನಿಲ್ಲಿಸಿ, ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತ. ನೀರು ಕೊಟ್ಟೆ. ಒರೆಸಲು ಬಟ್ಟೆ ತೆಗೆದುಕೊಂಡರೆ, "ಇರಲಿ ಬಿಡಿ" ಎಂದ. ಕಥೆ ಏನು ಎಂದು ಕೇಳಿದ. ತಂದೆ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾನೆ ಎಂದೆ.

"ಸಿಗುತ್ತಾರೋ ಇಲ್ಲವೋ, ಅಷ್ಟು ಹೇಳಿ. ಅವ್ವನ ಜೊತೆ ನೋಡಬೇಕೋ ಬೇಡವೋ ನೋಡುತ್ತೇನೆ."

ಸಾಲಿನಲ್ಲಿ ಇಬ್ಬರಿದ್ದರು. ಅವರನ್ನು ಸ್ವಲ್ಪ ಹೊರಗೆ ನಿಲ್ಲಲು ಹೇಳಿ, ಅವನಿಗೆ ಕೊನೆಯನ್ನು ಹೇಳಿದೆ. ಅವನು ತಲೆಯಾಡಿಸಿ, ನೀರಿನ ಲೋಟವನ್ನು ಮೇಜಿನ ಮೇಲಿಟ್ಟು ಹೋದ. ನಾನು ಹೊರಗೆ ಬಂದು ಹೆಸರಿನ ಮೇಲೆ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ "ಸಿನಿಮಾ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.