ಸಹಾಯಾರ್ಥ ನಡಿಗೆಗೆ ನಿಮ್ಮದೇ ಜಾಲಪುಟ: ಕರಪತ್ರ ಅಚ್ಚಿಗೆ ಕೊಡುವ ಮುನ್ನ

ದಾವಣಗೆರೆಯ ನಮ್ಮ ಬಡಾವಣೆಯ ಗೆಳೆಯರೊಬ್ಬರು ಶ್ರವಣದೋಷವುಳ್ಳ ಮಕ್ಕಳ ಶಾಲೆಗೆಂದು ಕುಂದವಾಡ ಕೆರೆಯ ಸುತ್ತ ಭಾನುವಾರದ ನಡಿಗೆ ಏರ್ಪಡಿಸಿದ್ದರು. ನಡೆದು ಬಂದವರಿಗೆ ಬೆಣ್ಣೆ ದೋಸೆಯೂ ಇತ್ತು. ಆದರೆ ಕರಪತ್ರದ ಮೂಲೆಯಲ್ಲಿದ್ದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದವರಿಗೆಲ್ಲ ‘ನಿಮಗೆ ಅನುಮತಿ ಬೇಕು’ ಎಂಬ ಸಂದೇಶ. ಗೆಳೆಯರು ಮುದ್ರಣಾಲಯಕ್ಕೆ ಕೊಟ್ಟದ್ದು ಪುಟವನ್ನು ನೋಡುವ ಕೊಂಡಿಯನ್ನಲ್ಲ, ತಿದ್ದುವ ಕೊಂಡಿಯನ್ನು. ಐನೂರು ಕರಪತ್ರಗಳು ಮಂಡಕ್ಕಿ ಕಟ್ಟುವ ಪೊಟ್ಟಣಗಳಾದವು.

ಪುಟ ಮಾಡುವುದು ಕಷ್ಟದ ಕೆಲಸವೇ ಅಲ್ಲ. ಜಿಮೇಲ್ ಖಾತೆ ಇದ್ದರೆ ಗೂಗಲ್ ಸೈಟ್ಸ್‌ನಲ್ಲಿ ಒಂದು ಸಂಜೆಗೆ ಮುಗಿಯುತ್ತದೆ, ಖರ್ಚಿಲ್ಲ. ಒಂದೇ ಪುಟ ಸಾಕು. ಮೇಲೆ ಚಲಿಸುವ ಅಕ್ಷರಗಳು, ಹಿನ್ನೆಲೆಯಲ್ಲಿ ಸಂಗೀತ ಬೇಡವೇ ಬೇಡ.

ಬರೆಯಬೇಕಾದದ್ದು ಇಷ್ಟು: ನೀವು ಯಾರು, ಯಾವ ಬಡಾವಣೆಯವರು, ಈ ಶಾಲೆಗೂ ನಿಮಗೂ ಏನು ನಂಟು, ಹಣ ಯಾವುದಕ್ಕೆ, ಎಷ್ಟು ಬೇಕು. ಪಟ್ಟಿ ಎತ್ತಲು ಮನೆಬಾಗಿಲಿಗೆ ಬಂದವರ ಮುಖ ನೋಡಿ ನಾವು ಕೊಡುತ್ತೇವೆ, ಇಲ್ಲವೇ ‘ಯಜಮಾನರು ಮನೆಯಲ್ಲಿಲ್ಲ’ ಎನ್ನುತ್ತೇವೆ. ಇಲ್ಲಿ ಆ ಮುಖ ನಿಮ್ಮದಾಗಿರಬೇಕು. ಮಕ್ಕಳ ಮುಖವನ್ನು ಹಾಕಬೇಡಿ, ಆಸ್ಪತ್ರೆಯ ಕಾಗದ, ಆಧಾರ್ ಕಾರ್ಡಿನ ಫೋಟೊಗಳನ್ನಂತೂ ಹಾಕಲೇಬೇಡಿ. ಕರುಣೆ ಹುಟ್ಟಿಸಲು ಮಗುವಿನ ಮಾನ ಹರಾಜು ಹಾಕಬೇಕಾಗಿಲ್ಲ. ‘ಶ್ರವಣಸಾಧನದ ಬ್ಯಾಟರಿ ತೀರಿದ ದಿನ ಹಿಂದಿನ ಬೆಂಚಿನವರಿಗೆ ಪಾಠ ಕೇಳುವುದಿಲ್ಲ’ ಎಂಬ ಒಂದು ಸಾಲು ಹತ್ತು ಫೋಟೊಗಳ ಕೆಲಸ ಮಾಡುತ್ತದೆ.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಿಸಿದ ಬರಹವನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ ಓದುಗರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಎಲ್ಲ ಮೊಬೈಲ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಕೆಲವರು ಈ ರಗಳೆಯೇ ಬೇಡವೆಂದು ಇಡೀ ಕರಪತ್ರದ ಚಿತ್ರವನ್ನೇ ಪುಟಕ್ಕೆ ಏರಿಸುತ್ತಾರೆ. ಮೊಬೈಲ್‌ನಲ್ಲಿ ಅದನ್ನು ಹಿಗ್ಗಿಸಿ, ಅತ್ತಿತ್ತ ಎಳೆದು ಓದುವಷ್ಟರಲ್ಲಿ ದಾನಿಯ ತಾಳ್ಮೆ ಮುಗಿದಿರುತ್ತದೆ.

ಈಗ ಎಲ್ಲರೂ ಎಡವುವ ಜಾಗ, ಹಣ. ನಿಮ್ಮ ಸ್ವಂತ ಖಾತೆಗೆ ಒಂದು ರೂಪಾಯಿಯೂ ಬರಕೂಡದು. ‘ಎಲ್ಲ ಸೇರಿಸಿ ಒಟ್ಟಿಗೆ ಶಾಲೆಗೆ ಕೊಡುತ್ತೇನೆ’ ಎಂಬುದು ಪ್ರಾಮಾಣಿಕ ಮಾತೇ ಇರಬಹುದು, ಆದರೆ ನಾಳೆ ಮನೆಯ ಕಿರಾಣಿ ಖರ್ಚೂ ಅದೇ ಖಾತೆಯಿಂದ ಹೋದರೆ ಲೆಕ್ಕ ಬಿಡಿಸುವುದು ಹೇಗೆ? ಶಾಲೆ ನಡೆಸುವ ಟ್ರಸ್ಟಿನ ಖಾತೆಯ ಯುಪಿಐ ವಿಳಾಸವನ್ನೇ ಹಾಕಿ. ಅದಕ್ಕೆ ಮೊದಲು ಟ್ರಸ್ಟಿನ ಕಚೇರಿಗೆ ಹೋಗಿ ಒಪ್ಪಿಗೆ ಪತ್ರ ಪಡೆಯಿರಿ, ಖಜಾಂಚಿಯ ಎದುರಿನಲ್ಲೇ ಹತ್ತು ರೂಪಾಯಿ ಕಳುಹಿಸಿ ನೋಡಿ.

ಆ ಹತ್ತು ರೂಪಾಯಿ ನಿಮಗೊಂದು ಮುಖ್ಯ ಸಂಗತಿ ತಿಳಿಸುತ್ತದೆ. ಹಣ ಕಳುಹಿಸುವ ಮುನ್ನ ಪರದೆಯ ಮೇಲೆ ಬರುವುದು ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರು. ಊರಿಗೆಲ್ಲ ‘ಮೂಗರ ಶಾಲೆ’ ಎಂದೇ ಗೊತ್ತಿರುವ ಸಂಸ್ಥೆಯ ಟ್ರಸ್ಟಿಗೆ ಯಾರದೋ ತಾಯಿಯ ಸ್ಮಾರಕದ ಹೆಸರಿರುತ್ತದೆ. ಪರದೆಯಲ್ಲಿ ಅಪರಿಚಿತ ಹೆಸರು ಕಂಡ ಕೂಡಲೇ ಜನ ಹಿಂದೆ ಸರಿಯುತ್ತಾರೆ. ಆದ್ದರಿಂದ ಪುಟದಲ್ಲಿ ಹಣ ಕಳುಹಿಸುವ ಕ್ಯೂಆರ್‌ನ ಕೆಳಗೇ ‘ಹಣ ಕಳುಹಿಸುವಾಗ ಈ ಹೆಸರು ಕಾಣಿಸುತ್ತದೆ’ ಎಂದು ಅಕ್ಷರ ತಪ್ಪದಂತೆ ಬರೆಯಿರಿ.

ಇನ್ನೊಂದು ಪೇಚು. ನಿಮ್ಮ ಪುಟವನ್ನು ಹೆಚ್ಚಿನವರು ಮೊಬೈಲ್‌ನಲ್ಲೇ ನೋಡುತ್ತಾರೆ. ತನ್ನ ಪರದೆಯ ಮೇಲಿನ ಕ್ಯೂಆರ್‌ಗೆ ಅದೇ ಮೊಬೈಲ್‌ನ ಕ್ಯಾಮೆರಾ ಹಿಡಿಯುವುದು ಹೇಗೆ? ಯುಪಿಐ ವಿಳಾಸವನ್ನು ನಕಲು ಮಾಡಿಕೊಳ್ಳಲು ಬರುವ ಹಾಗೆ ಅಕ್ಷರಗಳಲ್ಲೂ ಕೊಡಿ. ಟಿಪ್ಪಣಿಯ ಜಾಗದಲ್ಲಿ ‘ನಡಿಗೆ’ ಎಂದು ಬರೆಯಲು ಹೇಳಿ. ಟ್ರಸ್ಟಿಗೆ ಬೇರೆ ಕಡೆಯಿಂದಲೂ ಹಣ ಬರುತ್ತಿರುತ್ತದೆ, ಆ ಒಂದು ಪದವಿಲ್ಲದಿದ್ದರೆ ಖಜಾಂಚಿ ಹನ್ನೆರಡಂಕಿಯ ವಹಿವಾಟು ಸಂಖ್ಯೆಗಳನ್ನು ಹಿಡಿದುಕೊಂಡು ರಾತ್ರಿಯೆಲ್ಲ ಕೂರಬೇಕಾಗುತ್ತದೆ.

ತೆರಿಗೆ ವಿನಾಯಿತಿಯ ಆಸೆ ತೋರಿಸುವುದಾದರೆ ಟ್ರಸ್ಟಿಗೆ ಅದಕ್ಕೆ ಬೇಕಾದ, ‘80ಜಿ’ ಎಂದೇ ಜನ ಕರೆದು ರೂಢಿಯಾದ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ. ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ರಸೀದಿಗೆ ಬೇಕಾದ ಪ್ಯಾನ್ ಸಂಖ್ಯೆಯನ್ನು ದಾನಿಗಳು ಟ್ರಸ್ಟಿಗೇ ಕೊಡಲಿ. ನಿಮ್ಮ ಪುಟದಲ್ಲಿ ಅದಕ್ಕೊಂದು ಅರ್ಜಿ ತೆರೆದು, ಬಂದ ಉತ್ತರಗಳೆಲ್ಲ ಊರಿಗೇ ಕಾಣುವಂತೆ ಮಾಡಿಕೊಂಡವರನ್ನು ನಾನು ಬಲ್ಲೆ.

ಅಮೆರಿಕದ ಅಣ್ಣನಿಗೆ ಕೊಂಡಿ ಕಳುಹಿಸುವ ಮುನ್ನ ಅವನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ ಪೌರನಾಗಿಯೇ ಇದ್ದು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ.

ಪ್ರಕಟಿಸುವ ಗುಂಡಿ ಒತ್ತಿದ ಮೇಲೆ ಕೊಂಡಿಯನ್ನು ನಿಮ್ಮ ಮೊಬೈಲ್‌ನಲ್ಲಿ ತೆರೆದು ನೋಡಿದರೆ ಪರೀಕ್ಷೆಯಾದಂತಲ್ಲ, ಅದು ನಿಮ್ಮ ಖಾತೆಗೆ ಹೇಗೂ ತೆರೆದುಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ಕಳುಹಿಸಿ ನೋಡಿ. ಕೊಂಡಿಯ ತುದಿಯಲ್ಲಿ ‘ಎಡಿಟ್’ ಎಂಬ ಪದವಿದ್ದರೆ ಅಚ್ಚಿಗೆ ಕೊಡಬೇಡಿ. ಕೊಂಡಿಯನ್ನು ಕತ್ತರಿಸಿ ಚಿಕ್ಕದು ಮಾಡಿಕೊಡುವ ಸೇವೆಗಳೂ ನನಗೆ ಹಿಡಿಸುವುದಿಲ್ಲ. ಸೈಬರ್ ವಂಚನೆಯ ಸುದ್ದಿ ದಿನವೂ ಓದುವವರು ಎಲ್ಲಿಗೆ ಹೋಗುತ್ತದೆಂದು ತಿಳಿಯದ ಕೊಂಡಿಯನ್ನು ಒತ್ತುವುದಿಲ್ಲ. ‘ಉಚಿತ ಕ್ಯೂಆರ್’ ಎಂದು ಕರೆಯುವ ತಾಣಗಳಲ್ಲಿ ಕೆಲವು ಇನ್ನೂ ಕೆಟ್ಟವು. ಎರಡು ವಾರ ಚೆನ್ನಾಗಿ ನಡೆದು, ಆಮೇಲೆ ‘ಶುಲ್ಕ ಕಟ್ಟಿ’ ಎಂದು ಅಡ್ಡಗಟ್ಟುತ್ತವೆ. ಅಷ್ಟರಲ್ಲಿ ನಿಮ್ಮ ಫ್ಲೆಕ್ಸ್ ಜಯದೇವ ವೃತ್ತದಲ್ಲಿ ನೇತಾಡುತ್ತಿರುತ್ತದೆ. ಕ್ರೋಮ್ ಬ್ರೌಸರ್‌ನಲ್ಲೇ ಪುಟಕ್ಕೆ ಕ್ಯೂಆರ್ ಮಾಡುವ ಸೌಲಭ್ಯವಿದೆ, ಅದಕ್ಕೆ ಅವಧಿಯ ಕಾಟವಿಲ್ಲ.

ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ದಿನಕ್ಕೆ ಒಮ್ಮೆ ಸಾಕು ಎಂಬುದನ್ನು ಮಾತ್ರ ಕಲಿಸಬೇಕು.

ನಡಿಗೆ ಮುಗಿದ ವಾರದೊಳಗೆ ಬಂದದ್ದೆಷ್ಟು, ದೋಸೆ ಭಟ್ಟರಿಗೆ ಕೊಟ್ಟದ್ದೆಷ್ಟು, ಶಾಲೆಗೆ ಉಳಿದದ್ದೆಷ್ಟು ಎಂದು ಅದೇ ಪುಟದಲ್ಲಿ ಬರೆಯಿರಿ. ದಾನಿಗಳ ಹೆಸರನ್ನು ಅವರು ಒಪ್ಪಿದರಷ್ಟೇ ಹಾಕಿ. ಕ್ಯೂಆರ್ ಮತ್ತು ಯುಪಿಐ ವಿಳಾಸವನ್ನು ತೆಗೆದುಹಾಕಿ. ನಮ್ಮ ಗೆಳೆಯರು ಅದನ್ನು ಮರೆತಿದ್ದರು. ಕೊಂಡಿ ಸರಿಪಡಿಸಿದ ಪುಟ ಎಲ್ಲೆಲ್ಲೋ ಸುತ್ತಾಡಿ, ನಡಿಗೆ ಮುಗಿದ ಮೂರು ತಿಂಗಳಿಗೆ ಹರಿಹರದ ಹಿರಿಯರೊಬ್ಬರು 501 ರೂಪಾಯಿ ಕಳುಹಿಸಿ, ಖಜಾಂಚಿಗೆ ಫೋನ್ ಮಾಡಿ, ಭಾನುವಾರ ಎಷ್ಟು ಹೊತ್ತಿಗೆ ಕೆರೆಯ ಹತ್ತಿರ ಬರಬೇಕೆಂದು ವಿಚಾರಿಸಿದರು.