ಒಂದಕ್ಕೊಂದು ಸೇರುವ ಕ್ರಿಸ್ಟಲ್ ಬೌಲ್: ನಾನು ಆರಿಸಿದ ಬಗೆ

ಹಾಸನದಲ್ಲಿ ನಾನು ಯೋಗ ತರಗತಿ ನಡೆಸುತ್ತೇನೆ. ಕೊನೆಗೆ ಶವಾಸನದ ಹೊತ್ತಿಗೆ ಕ್ರಿಸ್ಟಲ್ ಬೌಲ್, ಅಂದರೆ ತಟ್ಟಿದರೆ ಬಹಳ ಹೊತ್ತು ಮೊಳಗುವ ಕ್ವಾರ್ಟ್ಜ್ ಪಾತ್ರೆ, ನುಡಿಸುತ್ತೇನೆ. "ನಾನೂ ಒಂದು ಸೆಟ್ ತಗೋಬೇಕು ಮೇಡಂ, ಯಾವ್ದು ತಗೊಳ್ಲಿ?" ಎಂದು ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಹೆಚ್ಚಿನವರ ಮೊಬೈಲಿನಲ್ಲಿ ಚಕ್ರಕ್ಕೊಂದು ಸ್ವರದಂತೆ ಏಳು ಬೌಲ್‌ಗಳ ಚಕ್ರ ಸೆಟ್‌ನ ಫೋಟೋ ಆಗಲೇ ಇರುತ್ತದೆ. ನಾನು ಹೇಳುವುದು ಇಷ್ಟೇ: ಮೊದಲು ನಿಮ್ಮ ಷಡ್ಜ, ಅಂದರೆ ಆಧಾರ ಸ್ವರವಾದ 'ಸ', ಹುಡುಕಿಕೊಳ್ಳಿ, ಉಳಿದ ಬೌಲ್‌ಗಳನ್ನು ಅದಕ್ಕೆ ಸೇರಿಸುತ್ತಾ ಹೋಗಿ.

ಸಂಗೀತ ಕಲಿತವರಿಗೆ ಇದು ಹೊಸದಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಮ್ಮ ಜಿಲ್ಲೆಯದೇ. ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರವಿದೆ. ಶ್ರುತಿ ಸೇರದೆ ಹಾಡು ಶುರುವಾಗಬಾರದು ಎನ್ನುವ ಶಿಸ್ತು ಬೌಲ್‌ಗೂ ಬೇಕು ಎಂದೇ ನನ್ನ ನಂಬಿಕೆ. ಇನ್ನೂ ಜಾಸ್ತಿಯೇ ಬೇಕು. ತಂಬೂರಿಗೆ ಬಿರಡೆ ಇದೆ, ಮಣಿ ಇದೆ, ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಬೌಲ್‌ಗೆ ಇವು ಯಾವುವೂ ಇಲ್ಲ. ಕ್ವಾರ್ಟ್ಜ್ ಪುಡಿಯನ್ನು ಭಾರೀ ಶಾಖದಲ್ಲಿ ಕರಗಿಸಿ ಮಾಡಿದ ಪಾತ್ರೆ ಅದು. ಸಿಲಿಕಾನ್ ಚಿಪ್ ಉದ್ಯಮದಲ್ಲಿ ಬಳಸುವ ಮೂಸೆಗಳ ಜಾತಿಯದು. ಒಮ್ಮೆ ತಯಾರಾದ ಮೇಲೆ ಅದರ ಸ್ವರ ಅದೇ. ನೀರು ಹಾಕಿದರೆ ಇಳಿಯುತ್ತದೆ, ಏರಿಸೋಕೆ ಮಾತ್ರ ಆಗುವುದಿಲ್ಲ. ಹಾಗಾಗಿ ಸೇರಿಸುವ ಕೆಲಸವೆಲ್ಲ ಕೊಳ್ಳುವ ಮುಂಚೆಯೇ ಆಗಬೇಕು.

ಏಳರ ಸೆಟ್ ನನಗೇಕೆ ಬೇಡವೆಂದರೆ, ಬೌಲ್‌ನ ನಾದ ಬೇಗ ಆರುವುದಿಲ್ಲ. ಹಾರ್ಮೋನಿಯಂನಲ್ಲಿ ಬೆರಳು ತೆಗೆದರೆ ಸ್ವರ ನಿಂತಿತು. ಇಲ್ಲಿ ಹಿಂದಿನ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಮುಂದಿನದು ಬಂದು ಕೂರುತ್ತದೆ. ಪಾಶ್ಚಾತ್ಯ ಹೆಸರಿನ ಸಿ, ಡಿ, ಇ, ಎಫ್, ಜಿ, ಎ, ಬಿ ಎಂದು ಸಾಲಾಗಿ ಇಟ್ಟರೆ ಇ ಮತ್ತು ಎಫ್ ಅರ್ಧ ಸ್ವರದಷ್ಟು (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರದಷ್ಟು) ಹತ್ತಿರ. ಬಿ ಮತ್ತು ಮೇಲಿನ ಸಿ ಕೂಡ ಹಾಗೇ. ಎರಡೂ ಒಟ್ಟಿಗೆ ಮೊಳಗಿದರೆ ಮಲಗಿದವರ ಹುಬ್ಬು ಗಂಟಾಗುತ್ತದೆ. ಬೌಲ್ ಜಾಸ್ತಿ ಬೇಕೇ ಬೇಕು ಅನ್ನುವವರು ಮೋಹನ ರಾಗದ ಐದು ಸ್ವರ ತೆಗೆದುಕೊಳ್ಳಲಿ. ಸ ರಿ ಗ ಪ ದ, ಅಂದರೆ ಸಿ, ಡಿ, ಇ, ಜಿ, ಎ. ಅದರಲ್ಲಿ ಅರ್ಧ ಸ್ವರದ ಜಗಳವೇ ಇಲ್ಲ.

"ಹಾಗಾದ್ರೆ ಚಕ್ರಗಳ ಗತಿ ಏನು?" ಎಂದು ಕೇಳುತ್ತಾರೆ. ಹಳೆಯ ಯೋಗ ಗ್ರಂಥಗಳು ಚಕ್ರಗಳಿಗೆ ಹೇಳಿದ್ದು ಲಂ, ವಂ, ರಂ ಎಂಬ ಬೀಜಾಕ್ಷರಗಳನ್ನು. ಸಿ, ಡಿ, ಇ ಎಂಬ ಹಂಚಿಕೆ ಇತ್ತೀಚಿನದು. ಅದನ್ನು ನಂಬುವವರ ಭಾವನೆಗೆ ನನ್ನ ಗೌರವವಿದೆ. ಆದರೆ ಬೌಲ್ ಆರಿಸುವಾಗ ನಾನು ಕಿವಿಯ ಮಾತನ್ನೇ ಕೇಳುತ್ತೇನೆ.

ಷಡ್ಜವನ್ನು ಹುಡುಕಿದ್ದು ತರಗತಿಯಲ್ಲೇ. ಎಲ್ಲರೂ ಸೇರಿ ಓಂ ಹೇಳುವಾಗ ದನಿ ತಾನಾಗಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿದೆ. ನಮ್ಮ ಗುಂಪಿನದು ಬಿಳಿ ಒಂದಕ್ಕಿಂತ, ಅಂದರೆ ಹಾರ್ಮೋನಿಯಂನ ಸಿ ಸ್ವರಕ್ಕಿಂತ, ಒಂದು ಕೂದಲು ಕೆಳಗೆ. ಹೆಂಗಸರು ಅಲ್ಲಿ, ಗಂಡಸರು ಅದರ ಕೆಳಗಿನ ಸ್ಥಾಯಿಯಲ್ಲಿ. ಅದಕ್ಕೆ ಹತ್ತಿರವಾದ, ಸೆಕೆಂಡಿಗೆ 258 ಸಲ ಕಂಪಿಸುವ, ಅಂದರೆ 258 ಹರ್ಟ್ಜ್‌ನ ಒಂದು ಬಿಳಿ ಮಂಜುಬಣ್ಣದ ಬೌಲ್ ಸಿಕ್ಕಿತು. ಅದೇ ಆಧಾರ.

ಇನ್ನು ಲೇಬಲ್ ವಿಷಯ. ಬೌಲ್ ಮೇಲೆ ಬರೀ 'ಸಿ' ಎಂದಿದ್ದರೆ ಸಾಲದು. ಕೀಬೋರ್ಡಿನ ಸಿ ಸ್ವರಕ್ಕಿಂತ ಅದು ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಹೇಳುವ ಪ್ಲಸ್, ಮೈನಸ್ ಸಂಖ್ಯೆಯನ್ನು ಕೇಳಿ ತಿಳಿಯಬೇಕು. ಒಂದು ಅರ್ಧ ಸ್ವರವನ್ನು 100 ಸೆಂಟ್ಸ್ ಎಂದು ಭಾಗ ಮಾಡುತ್ತಾರೆ. ನನ್ನ 258 ಹರ್ಟ್ಜ್ ಬೌಲ್ ಅಂದರೆ ಸಿ ಮೈನಸ್ 24. ಪಂಚಮ, ಅಂದರೆ 'ಪ', ಷಡ್ಜದ ಒಂದೂವರೆ ಪಟ್ಟು, ಅಂದರೆ 387 ಹರ್ಟ್ಜ್. ಅದು ಜಿ ಮೈನಸ್ 22. ಅಂಗಡಿಯವರು ನನಗೆ ಮೊದಲು ತೋರಿಸಿದ ಜಿ ಪ್ಲಸ್ 18 ಇತ್ತು. ಒಂಟಿಯಾಗಿ ಕೇಳಿದರೆ ತುಂಬಾ ಇಂಪು. ನನ್ನ ಸಿ ಜೊತೆ ತಟ್ಟಿದಾಗ ಮಾತ್ರ ಪಂಚಮ ಸೇರಲೇ ಇಲ್ಲ, ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದ ಹಾಗಿತ್ತು. 40 ಸೆಂಟ್ಸ್ ವ್ಯತ್ಯಾಸ, ಅಲ್ವಾ! ಸಂಖ್ಯೆ ಮೈನಸ್ ಇದ್ದರೆ ಬೌಲ್ ಕೆಟ್ಟದ್ದು ಎಂದಲ್ಲ. ಪಂಚಮವೂ ಹೆಚ್ಚುಕಮ್ಮಿ ಷಡ್ಜದಷ್ಟೇ ಕೆಳಗಿದ್ದರೆ ಸಾಕು. 5 ಸೆಂಟ್ಸ್ ಆಚೀಚೆ ಆದರೆ ನಾನು ಒಪ್ಪುತ್ತೇನೆ, 10 ದಾಟಿದರೆ ಬೇಡ.

ಎ ಸ್ವರವನ್ನು 432 ಹರ್ಟ್ಜ್‌ಗೆ ಇಡಬೇಕೋ 440ಕ್ಕೆ ಇಡಬೇಕೋ ಎಂಬ ವಾದವೂ ಇಲ್ಲೇ ಮುಗಿಯುತ್ತದೆ. ಎರಡರ ನಡುವೆ ಸುಮಾರು 32 ಸೆಂಟ್ಸ್ ಅಂತರ. ಯಾವುದನ್ನಾದರೂ ಇಟ್ಟುಕೊಳ್ಳಿ. ಒಂದು ಬೌಲ್ ಅದರದು, ಇನ್ನೊಂದು ಇದರದು ಎಂದು ಬೆರೆಸಬೇಡಿ, ಅಷ್ಟೇ.

ಆಯ್ಕೆಗೆ ಹೋಗುವಾಗ ನನ್ನ ಬೌಲನ್ನು ಕಂಬಳಿಯಲ್ಲಿ ಸುತ್ತಿ ಬೆಂಗಳೂರಿಗೇ ಒಯ್ದೆ. ಅಂಗಡಿಯಲ್ಲಿ ಫ್ಯಾನ್ ನಿಲ್ಲಿಸಿ ಎಂದು ಕೇಳಲು ಸಂಕೋಚ ಬೇಡ. ಪ್ರತಿ ಬೌಲನ್ನೂ ಮೊದಲು ಒಂಟಿಯಾಗಿ, ರಬ್ಬರ್ ತಲೆಯ ಮ್ಯಾಲೆಟ್‌ನಿಂದ ಮೆತ್ತಗೆ ತಟ್ಟಿದೆ. ತಟ್ಟಿದ ಕೂಡಲೇ ಮೇಲಿನ ಸ್ವರಗಳೂ ಜೊತೆಗೆ ಏಳುತ್ತವೆ, ಟ್ಯೂನರ್ ಅವನ್ನೇ ಹಿಡಿದು ತಪ್ಪು ತೋರಿಸಬಹುದು. ಕೆಲವು ಕ್ಷಣ ಬಿಟ್ಟು, ಮೂಲ ಸ್ವರ ಉಳಿದ ಮೇಲೆ ಓದಬೇಕು. ಆಮೇಲೆ ನಾದದ ತೂಗಾಟ ಕೇಳಬೇಕು. ಒಂದೇ ಬೌಲ್ ಆದರೂ ವಾಂವ್ ವಾಂವ್ ಎಂದು ಏರಿಳಿಯುತ್ತದೆ. ಅಂಚಿನ ದಪ್ಪ ಸುತ್ತಲೂ ಪೂರ್ತಿ ಸಮ ಇರುವುದಿಲ್ಲ, ಹಾಗಾಗಿ ಬಹಳ ಹತ್ತಿರದ ಎರಡು ಕಂಪನಗಳು ಒಟ್ಟಿಗೆ ನಡೆಯುತ್ತವೆ. ಒಂದು 258, ಇನ್ನೊಂದು 259 ಆದರೆ ಸೆಕೆಂಡಿಗೆ ಒಂದು ಸಲ ಏರಿಳಿತ. ನಿಧಾನದ ತೂಗು ನನಗಿಷ್ಟ, ಉಸಿರಿಗೆ ಹೊಂದುತ್ತದೆ. ಬೇಗ ಬೇಗ ನಡುಗುವ ಬೌಲ್ ಎಷ್ಟೇ ಸರಿ ಶ್ರುತಿಯಲ್ಲಿದ್ದರೂ ಬಿಟ್ಟುಬಿಟ್ಟೆ.

ಕೊನೆಗೆ ನಮ್ಮ ಬೌಲ್, ಹೊಸ ಬೌಲ್ ಎರಡನ್ನೂ ಒಟ್ಟಿಗೆ ತಟ್ಟಿ, ಅವು ಆರುವವರೆಗೂ ಸುಮ್ನೆ ಕೂರಬೇಕು. ಮೊದಲ ಗಳಿಗೆಯಲ್ಲಿ ಎಲ್ಲವೂ ಚೆಂದ. ನಾದ ಸಣ್ಣಗಾಗುವಾಗ ನಿಜ ಗೊತ್ತಾಗುತ್ತದೆ. ಆಮೇಲೆ ಅಂಚಿನ ಮೇಲೆ ಮ್ಯಾಲೆಟ್ ತಿರುಗಿಸಿ ನೋಡಬೇಕು. ಒಂದು ಬೌಲ್ ಇನ್ನೊಂದನ್ನು ಮುಳುಗಿಸುವಷ್ಟು ಜೋರಾಗಿದ್ದರೆ ಆ ಜೋಡಿ ಬೇಡ.

ದೂರದಿಂದ ತರಿಸುವವರು ವಾಟ್ಸ್‌ಆ್ಯಪ್ ಆಡಿಯೋ ನಂಬಬೇಡಿ. ಉದ್ದದ ನಾದವನ್ನು ಗದ್ದಲವೆಂದು ತಿಳಿದು ಮೊಬೈಲೇ ಅದನ್ನು ಕತ್ತರಿಸುವುದುಂಟು. ಹರ್ಟ್ಜ್ ಸಂಖ್ಯೆಯನ್ನು ಬರೆಸಿಕೊಳ್ಳಿ, ಒಂದೂವರೆಯಿಂದ ಗುಣಿಸಿ ನೋಡಿ.

ಈಗ ನನ್ನ ಹತ್ತಿರ ಷಡ್ಜ, ಪಂಚಮ ಮತ್ತು 516 ಹರ್ಟ್ಜ್‌ನ ಮೇಲಿನ ಷಡ್ಜ ಇವೆ. ಮಧ್ಯಮ, ಅಂದರೆ 'ಮ', 344 ಹರ್ಟ್ಜ್ ಆಗುತ್ತದೆ, ಅದೂ ಷಡ್ಜಕ್ಕೆ ಚೆನ್ನಾಗಿ ಸೇರುತ್ತದೆ. ಆದರೆ ಪಂಚಮದ ಪಕ್ಕದಲ್ಲೇ ಮೊಳಗಿದರೆ ಇಕ್ಕಟ್ಟು. ಹಾಗಾಗಿ ನಾಲ್ಕನೆಯದಕ್ಕೆ ಅಂತರ ಗಾಂಧಾರ, ಅಂದರೆ ಮೋಹನದ 'ಗ', ಹುಡುಕುತ್ತಿದ್ದೇನೆ. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನೇ ಕೇಳಿಸುವ ಗಾಂಧಾರ ಅದು. ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಕೆಳಗೆ. ನನ್ನ ಷಡ್ಜಕ್ಕೆ ಲೆಕ್ಕ ಹಾಕಿದರೆ 322.5 ಹರ್ಟ್ಜ್, ಇ ಮೈನಸ್ 38. ಇ ಮೈನಸ್ 24 ಒಂದನ್ನು ತೋರಿಸಿದ್ದರು, ನಾನು ಬೇಡವೆಂದೆ. ಮೈನಸ್ 33ರಿಂದ 43ರೊಳಗಿನ, ನಿಧಾನ ತೂಗಾಟದ ಇ ಬೌಲ್ ನಿಮಗೆಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ.