ನನ್ನ ಅನುಭವ: ಕಿವಿಯೊಳಗೆ ಅರ್ಧ ಎಂಎಲ್ ಔಷಧ

ತಿಪಟೂರಿನ ಆ ಕೊಬ್ಬರಿ ವ್ಯಾಪಾರಿ ನನ್ನ ಬಳಿ ಬರುವಷ್ಟರಲ್ಲಿ ಒಂಬತ್ತು ದಿನ ಕಳೆದುಹೋಗಿತ್ತು. ಬೆಳಿಗ್ಗೆ ಎದ್ದು ಬಲಗಿವಿಗೆ ಮೊಬೈಲ್ ಹಿಡಿದರೆ ಸದ್ದೇ ಇಲ್ಲ. ಮೊದಲು ಮೊಬೈಲನ್ನೇ ರಿಪೇರಿಗೆ ಕೊಟ್ಟರಂತೆ. ಅದು ಚೆನ್ನಾಗಿಯೇ ಇದೆ ಎಂದು ಗೊತ್ತಾದ ಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಆಮೇಲೆ ಔಷಧದ ಅಂಗಡಿಯಿಂದ ತಂದ, ಗುಗ್ಗೆ ಕರಗಿಸುವ ಹನಿ. "ಶೀತಕ್ಕೆ ಕಿವಿ ಕಟ್ಟಿಕೊಂಡಿದೆ ಅಷ್ಟೇ, ಡಾಕ್ಟರೇ" ಎಂದು ರೋಗವನ್ನೂ ತಾವೇ ತೀರ್ಮಾನಿಸಿಕೊಂಡು ಬಂದಿದ್ದರು.

ಕಿವಿಯೊಳಗೆ ಇಣುಕಿದೆ. ಎಣ್ಣೆಯ ಜಿಡ್ಡು ಬಿಟ್ಟರೆ ಕಿವಿಯ ತಮಟೆ ನಿರ್ಮಲವಾಗಿತ್ತು. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಮೊಣಕೈಗೆ ಬಡಿದು ಅವರ ಹಣೆಯ ನಡುವೆ ಇಟ್ಟೆ.

"ಸದ್ದು ಯಾವ ಕಡೆ ಕೇಳುತ್ತಿದೆ, ಯಜಮಾನರೇ?"

"ಎಡಕ್ಕೆ."

ಗುಗ್ಗೆಯೋ ಶೀತವೋ ಅಡ್ಡವಾಗಿದ್ದರೆ ಸದ್ದು ಕಟ್ಟಿದ ಕಿವಿಗೇ ಹೋಗುತ್ತದೆ. ಒಳಕಿವಿ ಕೆಟ್ಟಿದ್ದರೆ ಚೆನ್ನಾಗಿರುವ ಕಿವಿಗೆ ಹೋಗುತ್ತದೆ. ವಿದ್ಯುತ್ತೂ ಬೇಡದ ಈ ಲೋಹದ ಕವೆ ಅರ್ಧ ನಿಮಿಷದಲ್ಲಿ ಹೇಳುವ ಮಾತಿಗೆ ನಮ್ಮ ರೋಗಿಗಳು ಎರಡು ಮೂರು ಕಡೆ ಅಲೆದು ಬರುತ್ತಾರೆ. ಇದು ನನ್ನ ಹಳೆಯ ಸಿಟ್ಟು.

ಶ್ರವಣ ಪರೀಕ್ಷೆಯಲ್ಲಿ ಬಲಗಿವಿ 75 ಡೆಸಿಬೆಲ್‌ಗೆ ಕುಸಿದಿತ್ತು, ಅಂದರೆ ಸದ್ದು ಅಷ್ಟು ಜೋರಾದರೆ ಮಾತ್ರ ಕೇಳುತ್ತಿತ್ತು. ಮೂರು ದಿನಗಳೊಳಗೆ, ಒತ್ತೊತ್ತಿನ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬೆಲ್‌ಗಿಂತ ಕಡಿಮೆಯಿಲ್ಲದಂತೆ ಶ್ರವಣ ಕುಸಿದರೆ ಅದು ಹಠಾತ್ ಕಿವುಡು. ಕಾರಣ ಹೆಚ್ಚಿನವರಲ್ಲಿ ಸಿಗುವುದೇ ಇಲ್ಲ. ಶ್ರವಣ ನರದ ಮೇಲೆ ಗಡ್ಡೆಯೇನಾದರೂ ಇದೆಯೇ ಎಂದು ಎಂಆರ್‌ಐ ಮಾಡಿಸಿದೆ, ಇರಲಿಲ್ಲ. ಮೊದಲ ಎರಡು ವಾರದೊಳಗೆ ಸ್ಟೀರಾಯ್ಡ್ ಶುರುಮಾಡಬೇಕು. ಅದರಲ್ಲಿ ಒಂಬತ್ತು ದಿನವನ್ನು ಎಣ್ಣೆ ತಿಂದುಹಾಕಿತ್ತು.

ಸಾಮಾನ್ಯವಾಗಿ ದಿನಕ್ಕೆ 60 ಮಿಲಿಗ್ರಾಂವರೆಗೆ ಮಾತ್ರೆ ಕೊಡುತ್ತೇವೆ. ಇವರಿಗೆ ಖಾಲಿ ಹೊಟ್ಟೆಯಲ್ಲೇ ಸಕ್ಕರೆ 240. ಅಷ್ಟು ಮಾತ್ರೆ ನುಂಗಿಸಿದರೆ ಅದು ಎಲ್ಲಿಗೆ ಏರುತ್ತದೋ! ಇಂಥವರು ಬಂದಾಗಲೆಲ್ಲ ನನಗೆ 2011ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನ ನೆನಪಾಗುತ್ತದೆ. 250 ರೋಗಿಗಳಲ್ಲಿ ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಎರಡು ವಾರದಲ್ಲಿ ನಾಲ್ಕು ಬಾರಿ ತಮಟೆಯ ಮೂಲಕ ಇಂಜೆಕ್ಷನ್. ಮಾತ್ರೆಯವರಿಗೆ ಸರಾಸರಿ 30.7, ಇಂಜೆಕ್ಷನ್‌ನವರಿಗೆ 28.7 ಡೆಸಿಬೆಲ್ ಶ್ರವಣ ಮರಳಿತ್ತು. ಗುಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ನಾನು ಇಂಜೆಕ್ಷನ್‌ನ ದಾರಿ ಹಿಡಿದೆ.

ಕಿವಿಗೆ ಸೂಜಿ ಎಂದೊಡನೆ ಅವರ ಪತ್ನಿ ಎದ್ದು ನಿಂತರು. ಸೂಜಿ ಒಳಕಿವಿಯನ್ನು ಮುಟ್ಟುವುದೇ ಇಲ್ಲ. ತಮಟೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಔಷಧ ತುಂಬುತ್ತೇವೆ. ಅಲ್ಲಿಂದ ಅದು, ಒಳಕಿವಿಯ ಗೋಡೆಯಲ್ಲಿರುವ ವೃತ್ತಾಕಾರದ ಕಿಟಕಿ ಎಂಬ ಪುಟ್ಟ ರಂಧ್ರದ ಪೊರೆಯ ಮೂಲಕ ಒಳಗೆ ಇಂಗುತ್ತದೆ. ಮರಗಟ್ಟಿಸುವ ಔಷಧ ಹಾಕಿ, ತಲೆಯನ್ನು ಎಡಕ್ಕೆ ವಾಲಿಸಿ ಮಲಗಿಸಿ, ಸೂಕ್ಷ್ಮದರ್ಶಕದಡಿ ತಮಟೆಯ ಮೇಲ್ಭಾಗದಲ್ಲಿ ಒಂದು ಚುಚ್ಚು, ಕೆಳಗೆ ಇನ್ನೊಂದು. ಎರಡೇಕೆ ಎಂದು ಆಮೇಲೆ ಕೇಳಿದರು. ಒಳಗಿನ ಗಾಳಿ ಹೊರಬರಲು ಒಂದು ಬೇಕು ಎಂದೆ. "ಓ, ತೆಂಗಿನಕಾಯಿಯ ಹಾಗೆ! ಒಂದೇ ಕಣ್ಣು ಚುಚ್ಚಿದರೆ ನೀರು ಇಳಿಯುವುದಿಲ್ಲವಲ್ಲ" ಎಂದರು. ಇದಕ್ಕಿಂತ ಚೆನ್ನಾಗಿ ನನ್ನ ವಿದ್ಯಾರ್ಥಿಗಳಿಗೂ ನಾನು ಹೇಳಿಲ್ಲ.

ಔಷಧ ಏರುವುದು ತಮಟೆಯ ಹಿಂದೆ ತಿಳಿಯಾಗಿ ಕಾಣುತ್ತದೆ: ಒಂದು ಗೆರೆ ಮೆಲ್ಲಗೆ ಮೇಲೇರುತ್ತದೆ, ಗಾಳಿಗುಳ್ಳೆಗಳು ಹೊರಬೀಳುತ್ತವೆ. ಅರ್ಧ ಎಂಎಲ್‌ಗೆ ಕೋಣೆ ತುಂಬುತ್ತದೆ. ಆಮೇಲೆ ಅರ್ಧ ಗಂಟೆ ಮಾತಿಲ್ಲ, ಉಗುಳು ನುಂಗುವಂತಿಲ್ಲ. ನುಂಗಿದರೆ ಕಿವಿಯಿಂದ ಗಂಟಲಿಗಿರುವ ನಾಳ ತೆರೆದು ಔಷಧವೆಲ್ಲ ಬಾಯಿಗೆ. ಕಹಿಯಾಗಿದೆ ಎಂದು ರೋಗಿ ಮುಖ ಕಿವಿಚಿದರೆ ನನ್ನ ಕೆಲಸ ವ್ಯರ್ಥ.

ಔಷಧವನ್ನು ಮೈಬಿಸಿಗೆ ತರಬೇಕು ಎಂಬುದನ್ನು ಮಾತ್ರ ನಾನು ಪೆಟ್ಟು ತಿಂದೇ ಕಲಿತೆ. ಆರಂಭದ ವರ್ಷಗಳಲ್ಲಿ, ಒಂದು ಡಿಸೆಂಬರ್ ಬೆಳಿಗ್ಗೆ, ಅವಸರದಲ್ಲಿ ಕಪಾಟಿನಿಂದ ತೆಗೆದದ್ದನ್ನೇ ಚುಚ್ಚಿಬಿಟ್ಟೆ. ತಣ್ಣನೆಯ ದ್ರವ ಒಳಕಿವಿಯ ಸಮತೋಲನದ ನಾಳವನ್ನು ಕೆಣಕಿತು. ಆ ಹೆಂಗಸಿನ ಕಣ್ಣುಗುಡ್ಡೆಗಳು ಅದುರತೊಡಗಿದವು, ಕೋಣೆಯೇ ಗಿರ್ರನೆ ತಿರುಗಿತಂತೆ, ವಾಂತಿ ನನ್ನ ಅಂಗಿಯ ಮೇಲೆ. ಈಗ ಸೀಸೆಯನ್ನು ಹತ್ತು ನಿಮಿಷ ಅಂಗೈಯಲ್ಲಿ ಮುಚ್ಚಿಟ್ಟುಕೊಂಡೇ ರೋಗಿಯ ಜೊತೆ ಮಾತನಾಡುತ್ತೇನೆ.

ನಾಲ್ಕು ಇಂಜೆಕ್ಷನ್ ಮುಗಿದು ತಿಂಗಳಾದಾಗ ವ್ಯಾಪಾರಿಯ ಶ್ರವಣ 40 ಡೆಸಿಬೆಲ್‌ಗೆ ಬಂದಿತ್ತು. ಮಾತು ತಿಳಿಯುತ್ತದೆ, ರಾತ್ರಿಯ ಗುಂಯ್ ಸದ್ದು ಉಳಿದಿದೆ. ಇದನ್ನು ನನ್ನ ಕೈಗುಣ ಎನ್ನಲಾರೆ. ಏನೂ ಮಾಡದೆ ಚೇತರಿಸಿಕೊಳ್ಳುವವರೂ ಬಹಳ ಮಂದಿ ಇದ್ದಾರೆ, ಎಲ್ಲ ಮಾಡಿದರೂ ಒಂದು ಡೆಸಿಬೆಲ್ ಮರಳದವರೂ ಇದ್ದಾರೆ. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆಚ್ಚು ಸ್ಟೀರಾಯ್ಡ್ ಕೊಟ್ಟರೆ ಹೆಚ್ಚು ಗುಣ ಎಂಬ ನಂಬಿಕೆಯನ್ನೂ ಜರ್ಮನಿಯ ದೊಡ್ಡ ಅಧ್ಯಯನವೊಂದು ಅಲ್ಲಗಳೆದಿದೆ.

ಎರಡು ತಿಂಗಳ ಬಳಿಕ ಮಾರುಕಟ್ಟೆಯ ಹಮಾಲಿಯೊಬ್ಬರು ಓಡಿಬಂದರು. ಬೆಳಿಗ್ಗೆಯಷ್ಟೇ ಕಿವಿ ಕಟ್ಟಿದೆ, ಸಾಹುಕಾರರು ಈಗಲೇ ಹೋಗು ಎಂದು ಬಸ್ಸಿನ ದುಡ್ಡು ಕೊಟ್ಟು ಕಳುಹಿಸಿದರು ಎಂದರು. ಹಣೆಗೆ ಫೋರ್ಕ್ ಇಟ್ಟೆ. ಸದ್ದು ಕಟ್ಟಿದ ಕಿವಿಗೇ ಹೋಯಿತು. ಗುಗ್ಗೆ ತೆಗೆದು ಕಳುಹಿಸಿದೆ.